ತರಬೇತಿಯ ಮೊದಲ ಪಾಠ ಅಸಲಿನ ಲೆಕ್ಕವಾಗಲಿ

ಮಾನ್ಯರೇ,

ಮನೆಯಲ್ಲೇ ಮರ ತಿರುಗಿಸಿ ಕಡೆಯುವ ಲೇತ್ ಯಂತ್ರ ಇಟ್ಟುಕೊಂಡು ಚನ್ನಪಟ್ಟಣದ ಗೊಂಬೆ ತಯಾರಿಸುವ ತಾವು, ವ್ಯಾಪಾರ ತರಬೇತಿ ಮುಗಿಸಿದ ಮೇಲೂ ವರ್ತಕರು ಹೇಳಿದ ದರಕ್ಕೇ ಮಾಲು ಕೊಡಬೇಕಾಗಿದೆ, ಹೀಗಿರುವಾಗ ಇದರಿಂದ ಪ್ರಯೋಜನವೇನು ಎಂದು ಕೇಳಿದ್ದೀರಿ. ಪ್ರಶ್ನೆ ನ್ಯಾಯವಾದದ್ದು.

2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ, ಕುಶಲಕರ್ಮಿಗಳಿಗೆ ನೆರವಾಗುವ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೊಂಬೆ ತಯಾರಿಕೆಯೂ ಸೇರಿದೆ. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿವರೆಗೆ ನೆರವು, ಶೇ 5ರ ಬಡ್ಡಿಯಲ್ಲಿ ಮೊದಲ ಕಂತಿನಲ್ಲಿ 1 ಲಕ್ಷ ರೂಪಾಯಿವರೆಗೆ ಸಾಲ ದೊರೆಯುತ್ತದೆ. ಇವೆಲ್ಲ ಬೇಕಾದವೇ. ಆದರೆ ಅಸಲಿನ, ಅಂದರೆ ಮಾಲು ತಯಾರಿಸಲು ತಗಲುವ ಪೂರ್ತಿ ವೆಚ್ಚದ, ಲೆಕ್ಕ ತಿಳಿಯದವರ ಕೈಗೆ ಬಂದ ಸಾಲ, ನಷ್ಟದ ದರಕ್ಕೆ ಇನ್ನಷ್ಟು ಮಾಲು ಮಾಡುವುದಕ್ಕಷ್ಟೇ ಬಂಡವಾಳವಾದೀತು ಎಂಬುದು ನನ್ನ ಆತಂಕ.

ತಾವು ಬರೆದ ಲೆಕ್ಕವನ್ನೇ ನೋಡಿ. ಬುಗುರಿಯೊಂದಕ್ಕೆ ಆಲೆಮರ, ಅರಗು, ಬಣ್ಣ, ವಿದ್ಯುತ್ ಇಷ್ಟನ್ನೇ ಖರ್ಚೆಂದು ಹಿಡಿದಿದ್ದೀರಿ. ಮರ ಒಣಗುವವರೆಗೆ ಅದರಲ್ಲಿ ಸಿಕ್ಕಿಕೊಂಡ ಹಣ, ಸೀಳು ಬಿಟ್ಟು ಒಲೆಗೆ ಹೋಗುವ ತುಂಡುಗಳು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸಿ ತಾಳೆಗರಿಯಿಂದ ಉಜ್ಜಿ ಹೊಳಪು ತರುವ ತಮ್ಮ ಕೂಲಿ, ಎಣಿಸಿ ಡಬ್ಬಿಗೆ ತುಂಬುವ ಮನೆಯವರ ಕೂಲಿ, ಯಾವುದೂ ಅಲ್ಲಿಲ್ಲ. ಹಣ ಕೈಸೇರಲು ಎರಡು ತಿಂಗಳಾಗುತ್ತದೆ ಎಂದೂ ಹೇಳಿದ್ದೀರಿ. ಆ ಅವಧಿಯ ಬಡ್ಡಿ ಹೊರುವವರೂ ತಾವೇ. ಇವನ್ನೆಲ್ಲ ಕೂಡಿಸಿದಾಗ ಬರುವುದೇ ಅಸಲು, ಲಾಭದ ಮಾತು ಅಲ್ಲಿಂದಾಚೆಗೆ. ಮನೆಯ ಹೆಣ್ಣುಮಕ್ಕಳ ದುಡಿಮೆಯನ್ನು ಲೆಕ್ಕದಿಂದ ಹೊರಗಿಡುವ ರೂಢಿಯನ್ನು ತರಬೇತುದಾರರೂ ಪ್ರಶ್ನಿಸದಿರುವುದು ನನಗೆ ಬೇಸರ ತರಿಸುತ್ತದೆ.

ಲೆಕ್ಕ ಗೊತ್ತಾದ ಮಾತ್ರಕ್ಕೆ ವರ್ತಕರು ದರ ಏರಿಸುವುದಿಲ್ಲ, ನಿಜ. ಆದರೆ ಯಾವ ಆರ್ಡರನ್ನು ಬೇಡವೆನ್ನಬೇಕು, ಯಾವುದಕ್ಕೆ ಮುಂಗಡ ಕೇಳಬೇಕು ಎಂಬುದು ತಿಳಿಯುತ್ತದೆ. ಬೀದಿಯ ನಾಲ್ಕಾರು ಮನೆಯವರು ಒಟ್ಟಿಗೆ ಕೂತು ಲೆಕ್ಕ ಹಾಕಿದರೆ, ಅಸಲಿಗಿಂತ ಕಡಿಮೆಗೆ ಯಾರೂ ಕೊಡಬಾರದೆಂಬ ಒಪ್ಪಂದಕ್ಕೂ ಬರಬಹುದು.

ಐಎಸ್‌ಐ ಗುರುತಿಲ್ಲವೆಂದು ಅಂಗಡಿಯವರು ದರ ಇಳಿಸುತ್ತಾರೆ ಎಂದಿದ್ದೀರಿ. 2021ರ ಜನವರಿಯಿಂದ ಆಟಿಕೆಗಳಿಗೆ ಆ ಗುರುತು ಕಡ್ಡಾಯವಾದರೂ, ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೆ ವಿನಾಯಿತಿ ಇದೆ. ತಮ್ಮ ನೋಂದಣಿ ಇನ್ನೂ ಆಗಿಲ್ಲವಾದರೆ ಸಾಲದ ಅರ್ಜಿಗಿಂತ ಮೊದಲು ಅದನ್ನು ಮಾಡಿಸಿಕೊಳ್ಳಿ. ಆಗಿದ್ದರೆ ಕುಶಲಕರ್ಮಿ ಗುರುತಿನ ಚೀಟಿಯ ಪ್ರತಿಯನ್ನು ಪ್ರತಿ ಬಿಲ್ಲಿನ ಜೊತೆ ಲಗತ್ತಿಸಿ.

– ಸಂಪಾದಕ