ದೇವರ ಚಿತ್ತಕ್ಕೆ ಕಾಯುತ್ತಾ ಕೂರಬೇಕೇ?

ಪ್ರಶ್ನೆ: ನಾನು ಬಳ್ಳಾರಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ವಯಸ್ಸು 31. ಮಂಗಳೂರಿನಲ್ಲಿ ಒಳ್ಳೆಯ ಸಂಬಳದ ಕೆಲಸ ಸಿಕ್ಕಿದೆ. ತಿಂಗಳ ಕೊನೆಯೊಳಗೆ ಒಪ್ಪಿಗೆ ತಿಳಿಸಬೇಕು. ಅಮ್ಮ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದಾರೆ, ನೋಡಿಕೊಳ್ಳುವವಳು ನಾನೊಬ್ಬಳೇ. ಇದೇ ಊರಿನಲ್ಲಿರುವ ಅಣ್ಣ, 'ಅಮ್ಮನ ಸೇವೆಯೇ ನಿನಗೆ ದೇವರ ಚಿತ್ತ' ಎನ್ನುತ್ತಾನೆ. ಹೊಸ ವರ್ಷದ ರಾತ್ರಿ ದೇವಾಲಯದಲ್ಲಿ ನನಗೆ ಬಂದ ವಾಗ್ದಾನ ಕಾರ್ಡಿನಲ್ಲಿ (ಬೈಬಲ್ ವಚನ ಬರೆದು ಹಂಚುವ ಚೀಟಿ) ಯೆರೆಮೀಯ 29:11 ಇತ್ತು: ನಿಮ್ಮ ವಿಷಯದಲ್ಲಿ ನನ್ನದು ಅಹಿತದ ಯೋಚನೆಯಲ್ಲ, ಹಿತದ ಯೋಚನೆ ಎಂಬ ದೇವರ ಮಾತು. ಹೊರಡು ಎಂದರ್ಥವೇ, ಇರು ಎಂದೇ? ಉಪವಾಸ ಪ್ರಾರ್ಥನೆ ಮಾಡಿದರೂ ಉತ್ತರ ಬಂದಿಲ್ಲ.

ಉತ್ತರ: ಪ್ರೀತಿಯ ಸಹೋದರಿ, ಮೊದಲು ನಿಮ್ಮ ಅಣ್ಣನ ಮಾತು. ತಂದೆತಾಯಿಯನ್ನು ಸನ್ಮಾನಿಸಬೇಕೆಂಬ ಆಜ್ಞೆ ಹೆಣ್ಣುಮಕ್ಕಳಿಗೆ ಮಾತ್ರ ಕೊಟ್ಟದ್ದಲ್ಲ. 'ನಿಮಗೆ ಸಲ್ಲಬೇಕಾದದ್ದನ್ನು ದೇವರಿಗೆ ಮುಡಿಪಿಟ್ಟಿದ್ದೇವೆ' ಎಂದು ಹೆತ್ತವರಿಗೆ ಹೇಳಿ ಅವರಿಂದ ನುಣುಚಿಕೊಳ್ಳುವುದಕ್ಕೆ ಎಡೆಮಾಡಿಕೊಟ್ಟವರನ್ನು ಯೇಸುಸ್ವಾಮಿ ಕಟುವಾಗಿಯೇ ಖಂಡಿಸಿದರು. ಮಾರ್ಕನ ಸುವಾರ್ತೆ 7ನೇ ಅಧ್ಯಾಯವನ್ನು ಅಣ್ಣನ ಜೊತೆ ಕುಳಿತು ಓದಿ. ತನ್ನ ಪಾಲಿನ ಹೊರೆಯನ್ನು ತಂಗಿಯ ಹೆಗಲಿಗೆ ಹಾಕಿ ಅದಕ್ಕೆ ದೇವರ ಹೆಸರಿಡುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನು ಕಾರ್ಡು. ಆ ವಚನ ಒಂದು ಪತ್ರದ ನಡುವಿನ ಸಾಲು. ಬಾಬೆಲಿಗೆ ಸೆರೆಹೋಗಿದ್ದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯನು ಯೆರೂಸಲೇಮಿನಿಂದ ಬರೆದದ್ದು. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಹನನ್ಯನೆಂಬವನು ಸುಳ್ಳು ಭರವಸೆ ಕೊಟ್ಟಿದ್ದ. ಯೆರೆಮೀಯನಾದರೋ 70 ವರ್ಷ ಎಂದ. ಅಲ್ಲಿಯವರೆಗೆ ಮನೆ ಕಟ್ಟಿರಿ, ತೋಟ ಮಾಡಿ ಫಲ ತಿನ್ನಿರಿ, ಮಕ್ಕಳಿಗೆ ಮದುವೆ ಮಾಡಿಸಿರಿ, ಇರುವ ಪಟ್ಟಣದ ಕ್ಷೇಮಕ್ಕಾಗಿ ಬೇಡಿಕೊಳ್ಳಿರಿ ಎಂದ. ಹಿತದ ಯೋಚನೆಯ ವಾಗ್ದಾನ ಬಂದದ್ದು ಇಷ್ಟೆಲ್ಲ ಕೆಲಸ ಹೇಳಿದ ಮೇಲೆ. ಮಂಗಳೂರೋ ಬಳ್ಳಾರಿಯೋ ಎಂಬುದು ಆ ಕಾರ್ಡಿನಲ್ಲಿಲ್ಲ. ದೇವರು ನಿಮ್ಮ ಕೈಬಿಡುವುದಿಲ್ಲ ಎಂಬುದಿದೆ.

ಉತ್ತರ ಬರುವವರೆಗೆ ಕೂತಿರಬೇಕಾಗಿಲ್ಲ. ಸುವಾರ್ತೆ ಸಾರಲು ಹೊರಟ ಅಪೊಸ್ತಲ ಪೌಲನ ಪ್ರಯಾಣವನ್ನೇ ನೋಡಿ. ಆಸ್ಯ ಸೀಮೆಯಲ್ಲಿ ತಡೆ, ಬಿಥೂನ್ಯಕ್ಕೂ ಅಪ್ಪಣೆಯಿಲ್ಲ. ಆದರೂ ನಡೆಯುತ್ತಲೇ ತ್ರೋವ ಎಂಬ ಊರಿಗೆ ಬಂದ. ಮಕೆದೋನ್ಯಕ್ಕೆ ಬಾ ಎಂದು ಕರೆದ ದರ್ಶನ ಆದದ್ದು ಅಲ್ಲಿ. ದೇವರು ನಮ್ಮಲ್ಲಿ ಉದ್ದೇಶವನ್ನೂ ಪ್ರಯತ್ನವನ್ನೂ ಹುಟ್ಟಿಸುತ್ತಾನೆಂದು ಫಿಲಿಪ್ಪಿಯವರಿಗೆ ಬರೆದವನೂ ಅವನೇ. ಆ ಕೆಲಸ ಬೇಕೆನಿಸುವುದು ಪಾಪವಲ್ಲ ತಾಯಿ. ಅದಕ್ಕಾಗಿ ಅಳುಕಬೇಡಿ.

ನಿಮ್ಮ ಪತ್ರದಲ್ಲಿ ಅಮ್ಮನ ಮಾತೇ ಇಲ್ಲ. ಅವರನ್ನು ಕೇಳಿದಿರಾ? ಮಾತು ತೊದಲಿದರೂ ಕಣ್ಣು, ಕೈಸನ್ನೆ ನಿಮಗೆ ಅರ್ಥವಾಗುತ್ತದೆ. ಆಮೇಲೆ ಒಂದು ಹಾಳೆಯಲ್ಲಿ ಅಮ್ಮನ ಒಂದು ದಿನವನ್ನು ಬರೆಯಿರಿ: ಮೈ ಒರೆಸುವುದು, ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಗಂಟಲಿಗೆ ಸಿಕ್ಕಿಕೊಳ್ಳದಂತೆ ಗಂಜಿ ಕುಡಿಸುವುದು, ವ್ಯಾಯಾಮ, ಔಷಧಿ, ರಾತ್ರಿ ಎದ್ದು ನೋಡುವುದು. ಭಾನುವಾರ ಆರಾಧನೆ ಮುಗಿದ ಮೇಲೆ ಸಭಾಪಾಲಕರ ಎದುರಿಗೆ ಅಣ್ಣ ಅತ್ತಿಗೆಯರನ್ನು ಕೂರಿಸಿ, ಯಾವುದು ಯಾರ ಪಾಲು, ಆಯಾಗೆ ಸಂಬಳ ಯಾರು ಕೊಡುವುದು ಎಂದು ಪ್ರತಿಯೊಂದರ ಮುಂದೆ ಹೆಸರು ಬರೆಸಿ. ಶಿಲುಬೆಯ ಮೇಲೆ ಪ್ರಾಣ ಬಿಡುವ ಹೊತ್ತಿನಲ್ಲೂ ಯೇಸುಸ್ವಾಮಿ ತಾಯಿಯನ್ನು ಶಿಷ್ಯನೊಬ್ಬನಿಗೆ ಒಪ್ಪಿಸಿದರು. ತಂದೆಯ ಚಿತ್ತವನ್ನು ನೆರವೇರಿಸಲು ಹೊರಟ ಮಗ ತಾಯಿಗೆ ಆಸರೆ ಗೊತ್ತುಮಾಡಿಯೇ ಹೊರಟದ್ದು.

ಏರ್ಪಾಡು ಆಗುವ ಮುನ್ನ ಹೋಗಬೇಡಿ. ಆದ ಮೇಲೆ ಹೋಗುವುದಾದರೆ ತಪ್ಪಿತಸ್ಥಳಂತೆ ಹೋಗಬೇಡಿ. ಅಮ್ಮನ ಬಳಿಯೇ ಇರಬೇಕೆಂದು ಮನಸ್ಸು ನಿಂತರೆ ಇರಿ, ಆದರೆ ಅದು ಅಣ್ಣನಿಗೆ ಹೆದರಿ ತೆಗೆದುಕೊಂಡ ತೀರ್ಮಾನವಾಗದಿರಲಿ. ಕೆಲಸಕ್ಕೆ ಸೇರುವ ದಿನಾಂಕವನ್ನು ಮುಂದಕ್ಕೆ ಹಾಕಿಸಿಕೊಳ್ಳಲು ಮಂಗಳೂರಿನ ಆಸ್ಪತ್ರೆಗೆ ನಾಳೆಯೇ ಫೋನ್ ಮಾಡಿ.