ನಿಷಿದ್ಧ ಪ್ರೀತಿಯ ಐತಿಹಾಸಿಕ ಕಾದಂಬರಿ ಬರೆಯಲು ಯಾವ ಕಾಲ ಆರಿಸಿಕೊಳ್ಳಲಿ?

ರಾಜ್ಯವೇ ಅಲ್ಲೋಲಕಲ್ಲೋಲ ಆಗಿರುವಾಗ ನಡೆಯುವ, ಸಮಾಜ ಒಪ್ಪದ ಪ್ರೀತಿಯ ಕಾದಂಬರಿ ಬರೆಯಬೇಕು, ಯಾವ ಕಾಲ ಚೆನ್ನ ಅಂತ ಕೇಳಿದ್ದೀರಿ. ನನ್ನ ಕೇಳಿದರೆ 12ನೇ ಶತಮಾನದ ಕಲ್ಯಾಣ. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ.

ಕಥೆ ನಿಮಗೂ ಗೊತ್ತಿರುತ್ತೆ. ಸಮಗಾರ ಹರಳಯ್ಯನವರ ಮಗ ಶೀಲವಂತ, ಬ್ರಾಹ್ಮಣರಾಗಿ ಹುಟ್ಟಿ ಶರಣರಾದ ಮಧುವರಸರ ಮಗಳನ್ನು ಮದುವೆಯಾದ. ಕಲ್ಯಾಣದ ದೊರೆ ಬಿಜ್ಜಳ ಇಬ್ಬರು ತಂದೆಯರಿಗೂ ಎಳೆಹೂಟೆ ಶಿಕ್ಷೆ ಕೊಟ್ಟ. ಆನೆಯ ಕಾಲಿಗೆ ಕಟ್ಟಿ ಎಳೆಸಿದ ಅಂತ ಹೇಳುತ್ತಾರೆ. ಆಮೇಲೆ, 1167-68ರ ಸುಮಾರಿಗೆ, ಬಿಜ್ಜಳನ ಕೊಲೆ. ಶರಣರು ವಚನದ ಕಟ್ಟು ಹೊತ್ತುಕೊಂಡು ಉಳವಿಯ ದಾರಿ ಹಿಡಿದರು.

ಇಂಥ ಕಾದಂಬರಿಗಳಲ್ಲಿ ಸಾಮಾನ್ಯವಾಗಿ ಹೆತ್ತವರೇ ಅಡ್ಡ ಬರೋದು, ಅಲ್ವಾ? ಇಲ್ಲಿ ಅಪ್ಪಂದಿರೇ ಮುಂದೆ ನಿಂತು ಮದುವೆ ಮಾಡಿದರು, ಅದಕ್ಕೇ ಜೀವ ಕೊಟ್ಟರು. ಬೇಡ ಅಂದದ್ದು ಅರಮನೆ. ಲಿಂಗದೀಕ್ಷೆ ಆದಮೇಲೆ ಜಾತಿ ಎಲ್ಲಿಯದು ಅನ್ನೋದು ಶರಣರ ಲೆಕ್ಕ. ಊರಿನ ದೊಡ್ಡವರ ಲೆಕ್ಕದಲ್ಲಿ ಅದೇ ಮದುವೆ ವರ್ಣಸಂಕರ. ಬಿಜ್ಜಳನಾದರೂ ಚಾಲುಕ್ಯರ ಮಾಂಡಲಿಕನಾಗಿದ್ದು ಗದ್ದುಗೆ ಕಿತ್ತುಕೊಂಡವನು. ಅಂಥವನಿಗೆ ಆ ದೊಡ್ಡವರನ್ನು ಎದುರು ಹಾಕಿಕೊಳ್ಳುವ ಧೈರ್ಯ ಇರಲಿಲ್ಲ ಅಂತ ನನಗನ್ನಿಸುತ್ತೆ. ನಿಮಗೆ ಬೇಕಾದ ರಾಜಕೀಯ ಪೂರ್ತಿ ಇಲ್ಲೇ ಇದೆ.

ಇಷ್ಟಾದರೂ ಈ ಹುಡುಗ ಹುಡುಗಿ ಬಾಯಿ ಬಿಟ್ಟದ್ದನ್ನು ನಾವು ಕೇಳಿಯೇ ಇಲ್ಲ. ಹುಡುಗಿಯ ಹೆಸರೇ ಒಂದು ಕಡೆ ಲಾವಣ್ಯ, ಇನ್ನೊಂದು ಕಡೆ ಕಲಾವತಿ. ಹಿರಿಯರು ಮಾತಾಡಿ ಕೂಡಿಸಿದ ಸಂಬಂಧ ಅಂತಲೇ ಜಾಸ್ತಿ ಹೇಳೋದು. ಹಾಗಾಗಿ ಹೊಳೆ ದಂಡೆಯಲ್ಲಿ ಕದ್ದು ಭೇಟಿಯಾಗುವ ದೃಶ್ಯಗಳನ್ನು ದಯವಿಟ್ಟು ತುರುಕಬೇಡಿ. ಮದುವೆಯಾದ ಮೇಲೆ, ರಾಜಭಟರು ಬಾಗಿಲು ಬಡಿಯುವುದರೊಳಗೆ, ಆ ಪ್ರೀತಿ ಹುಟ್ಟಲಿ. ತೊಗಲು ಹದ ಮಾಡುವ ಮನೆಗೆ ಬಂದ ಹುಡುಗಿ ಮೊದಲ ದಿನ ಏನು ನೋಡಿದಳು, ಯಾವ ಕೆಲಸಕ್ಕೆ ಕೈ ಹಾಕಿದಳು, ಅದನ್ನು ಬರೆಯಿರಿ.

ಇನ್ನೊಂದು. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಚಮ್ಮಾವುಗೆ ಹೊಲಿದರು, ಬಸವಣ್ಣ ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡು ವಾಪಸ್ ಕೊಟ್ಟರು ಅನ್ನುವ ಕಥೆ ಇದೆಯಲ್ಲ. ಅದನ್ನು ಮಗನ ಕಣ್ಣಿಂದ ನೋಡಿ. ಅಪ್ಪ ಅಮ್ಮ ಇಬ್ಬರೂ ಕುಂಟುತ್ತಿದ್ದಾಗ ನೀರು ತಂದವನು, ಒಲೆ ಹಚ್ಚಿದವನು, ಗಾಯಕ್ಕೆ ಬಟ್ಟೆ ಕಟ್ಟಿದವನು ಅವನೇ ಇರಬೇಕು. ಆ ಭಕ್ತಿ ಅವನಿಗೆ ಹೆಮ್ಮೆ ತಂದಿತೋ, ಸಿಟ್ಟು ತರಿಸಿತೋ? ಇದಕ್ಕೆ ಉತ್ತರ ಸಿಕ್ಕರೆ ನಿಮ್ಮ ನಾಯಕ ಸಿಕ್ಕ ಹಾಗೆ.

ಸಂಭಾಷಣೆಗೆ ನಾಟಕ ಕಂಪನಿಯ ಭಾಷೆ ಬೇಡ. ಬರೆಯೋ ಮುಂಚೆ ಕಾಯಕದ ಶರಣ ಶರಣೆಯರ ವಚನಗಳನ್ನು ಜೋರಾಗಿ ಓದಿ. ಆಯ್ದಕ್ಕಿ ಲಕ್ಕಮ್ಮ ಗಂಡನಿಗೆ ಬುದ್ಧಿ ಹೇಳುವ ಧಾಟಿ ಕಿವಿಗೆ ಬಿದ್ದರೆ ಸಾಕು, ನಿಮ್ಮ ಕಲ್ಯಾಣಮ್ಮ ಹೇಗೆ ಮಾತಾಡಬೇಕು ಅಂತ ತಾನಾಗೇ ಗೊತ್ತಾಗುತ್ತೆ.