ಗ್ಯಾರೇಜ್ ಪ್ರಶ್ನೋತ್ತರ: ಒಂದೇ ಕಂಪನಿಯ ಗೇರ್‌ಬಾಕ್ಸ್ ಅಂದ ಮಾತ್ರಕ್ಕೆ ಕೂರುತ್ತಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮಾವನವರ 1966ರ ಶೆವ್ರೊಲೆ ಇಂಪಾಲಾ ಮಂಡ್ಯದ ನಮ್ಮ ಮನೆಯಲ್ಲಿದೆ. ಆರು ಸಿಲಿಂಡರಿನ ಇಂಜಿನ್, ಎರಡೇ ಗೇರಿನ ಪವರ್‌ಗ್ಲೈಡ್ ಆಟೋಮ್ಯಾಟಿಕ್. ಈಗ ಡ್ರೈವ್‌ಗೆ ಹಾಕಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಎಳೆಯುತ್ತದೆ. ಗೇರ್‌ಬಾಕ್ಸ್ ಆಯಿಲ್ ಪದೇ ಪದೇ ಕಡಿಮೆಯಾಗುತ್ತದೆ, ಆದರೆ ಶೆಡ್ಡಿನ ನೆಲದ ಮೇಲೆ ಒಂದು ಹನಿಯೂ ಬಿದ್ದಿಲ್ಲ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ. ಗೇರ್‌ಬಾಕ್ಸ್ ಹೋಗಿದೆ, ಬೇರೆ ಹಾಕಿಸಿ ಅನ್ನುತ್ತಾರೆ. ಬೆಂಗಳೂರಿನ ಗುಜರಿಯಲ್ಲಿ ಎರಡು ಇವೆ. ಒಂದು 1972ರ ಇಂಪಾಲಾದ ಟರ್ಬೊ 350, ಇನ್ನೊಂದು ಬ್ಯೂಕ್ ಗಾಡಿಯ ಟರ್ಬೊ 400. ಎರಡೂ ಜಿಎಂ (ಜನರಲ್ ಮೋಟಾರ್ಸ್) ಕಂಪನಿಯದ್ದೇ, ಯಾವುದಾದರೂ ಕೂರುತ್ತದೆ ಎಂದು ಮಾರುವವರ ಮಾತು. ಯಾವುದನ್ನು ತರಲಿ?
– ಓದುಗರು, ಮಂಡ್ಯ

ಉತ್ತರ: ಮೊದಲು ಯಾವುದನ್ನೂ ತರಬೇಡಿ. ಆಯಿಲ್ ಇಳಿಯುತ್ತದೆ, ನೆಲಕ್ಕೆ ಬೀಳುವುದಿಲ್ಲ, ಬಿಳಿ ಹೊಗೆ ಬರುತ್ತದೆ ಅಂದಿರಲ್ಲ, ಆ ಮೂರೂ ಸೇರಿದರೆ ನನಗೆ ಮೊದಲು ಅನುಮಾನ ಬರುವುದು ಮಾಡ್ಯುಲೇಟರ್ ಮೇಲೆ. ಪವರ್‌ಗ್ಲೈಡಿನ ಮೈಗೆ ಸಣ್ಣ ತಗಡಿನ ಡಬ್ಬಿಯಂಥದ್ದು ಒಂದು ಅಂಟಿಕೊಂಡಿರುತ್ತದೆ. ಅದರಿಂದ ಇಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ವ್ಯಾಕ್ಯೂಮ್ ಪೈಪ್ ಹೋಗುತ್ತದೆ. ಡಬ್ಬಿಯೊಳಗಿನ ರಬ್ಬರ್ ಪರದೆ ಹರಿದರೆ ಇಂಜಿನ್ ಆ ಪೈಪಿನಲ್ಲಿ ಗೇರ್ ಆಯಿಲನ್ನೇ ಹೀರಿ ಸುಡುತ್ತದೆ. ಹೊಗೆ ಅದರದ್ದು. ಒಳಗೆ ಆಯಿಲ್ ಕಮ್ಮಿಯಾದ ಮೇಲೆ ಪಂಪಿಗೆ ಒತ್ತಡ ಸಿಗುವುದಿಲ್ಲ, ಗಾಡಿ ತಡವಾಗಿ ಎಳೆಯುತ್ತದೆ.

ನೋಡುವುದು ಸುಲಭ. ಇಂಜಿನ್ ನಿಲ್ಲಿಸಿ, ಮಾಡ್ಯುಲೇಟರಿನ ರಬ್ಬರ್ ಪೈಪ್ ಎಳೆದು ತೆಗೆಯಿರಿ. ಒಳಗೆ ಬಿಳಿ ಬಟ್ಟೆಯ ಚೂರು ತೂರಿಸಿ. ಕೆಂಪಗೆ ಒದ್ದೆಯಾಗಿ ಬಂದರೆ ಪರದೆ ಹರಿದಿದೆ ಅಂತಲೇ ಲೆಕ್ಕ. ಮಾಡ್ಯುಲೇಟರ್ ಬದಲಿಸಿ, ಆಯಿಲ್ ಮಟ್ಟ ಸರಿ ಮಾಡಿ, ಎರಡು ದಿನ ಓಡಿಸಿ ನೋಡಿ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕೆಂಪಗಿದ್ದು ಸುಟ್ಟ ವಾಸನೆ ಇಲ್ಲದಿದ್ದರೆ ನಿಮ್ಮ ಗೇರ್‌ಬಾಕ್ಸ್ ಬದುಕಿದೆ ಎಂದೇ ನನ್ನ ಅಂದಾಜು. ಪವರ್‌ಗ್ಲೈಡ್ ಗಟ್ಟಿ ಸಾಮಾನು. ಒಳಗೆ ಭಾಗಗಳು ಕಡಿಮೆ, ಸುಮ್ನೆ ಹಾಳಾಗುವುದಿಲ್ಲ. ಅದನ್ನು ಗುಜರಿಗೆ ಹಾಕಿದರು ಅಂತ ಕೇಳಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಆಯಿಲ್ ಕಪ್ಪಗೆ, ಸೀದ ವಾಸನೆ ಬಂದರೆ ಬೇರೆ ಮಾತು. ಆಗ ಬದಲಿಸುವ ಯೋಚನೆ ಮಾಡಿ.

ಬ್ಯೂಕ್‌ನದ್ದನ್ನು ಬಿಟ್ಟುಬಿಡಿ. ಜಿಎಂ ಒಂದೇ ಕಂಪನಿ, ನಿಜ. ಆದರೆ ಆ ಕಾಲದಲ್ಲಿ ಶೆವ್ರೊಲೆ ಇಂಜಿನ್ನಿನ ಹಿಂಬದಿಯ ಬೋಲ್ಟ್ ತೂತುಗಳ ಜೋಡಣೆ ಬೇರೆ, ಬ್ಯೂಕ್, ಓಲ್ಡ್ಸ್‌ಮೊಬೀಲ್, ಪಾಂಟಿಯಾಕ್‌ಗಳದ್ದು ಬೇರೆ. ಗೇರ್‌ಬಾಕ್ಸನ್ನು ಮುಖದ ಕಡೆಯಿಂದ ನೋಡಿ, ಇಂಜಿನ್ನಿಗೆ ಕೂರುವ ಆ ಗಂಟೆಯಾಕಾರದ ಭಾಗವೇ ಬೆಲ್ ಹೌಸಿಂಗ್. ಬೆಲ್ ಹೌಸಿಂಗ್‌ನ ನೆತ್ತಿ ಮೇಲಕ್ಕೆ ಎದ್ದಿದ್ದರೆ ಶೆವ್ರೊಲೆ, ನಡುವೆ ತಗ್ಗಿದ್ದರೆ ಆ ಮೂರರಲ್ಲೊಂದು. ಅಡಾಪ್ಟರ್ ಪ್ಲೇಟ್ ಹಾಕಿ ಕೂರಿಸುವವರು ಇದ್ದಾರೆ. ಆದರೆ ಟರ್ಬೊ 400ರ ಹಿಂದಿನ ಶಾಫ್ಟಿಗೆ 32 ಸ್ಪ್ಲೈನ್ (ಶಾಫ್ಟಿನ ಮೇಲಿನ ಉದ್ದುದ್ದ ಹಲ್ಲು), ನಿಮ್ಮದಕ್ಕೆ 27. ಅಂದರೆ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟಿನಲ್ಲಿ ಆ ಹಲ್ಲಿಗೆ ಕೂರುವ ತುದಿ, ಯೋಕ್, ಬದಲಾಗಬೇಕು. ಮೌಂಟಿಂಗ್ ಜಾಗ ಸುಮಾರು ಆರು ಇಂಚು ಹಿಂದಕ್ಕೆ ಹೋಗುವುದರಿಂದ ಗೇರ್ ಪೆಟ್ಟಿಗೆಯನ್ನು ಹೊರುವ ಅಡ್ಡಪಟ್ಟಿ, ಅಂದರೆ ಕ್ರಾಸ್ ಮೆಂಬರನ್ನೂ ಸರಿಸಬೇಕು. ಕಿಕ್‌ಡೌನ್‌ಗೆ (ಆಕ್ಸಿಲರೇಟರ್ ಪೂರ್ತಿ ತುಳಿದಾಗ ಕೆಳಗಿನ ಗೇರಿಗೆ ಇಳಿಯುವುದಕ್ಕೆ) ಕರೆಂಟಿನ ಸ್ವಿಚ್ ಬೇಕು. ಆರು ಸಿಲಿಂಡರಿನ ಗಾಡಿಗೆ ಇಷ್ಟೆಲ್ಲ ಯಾಕೆ?

ಟರ್ಬೊ 350 ನಿಮ್ಮ ದಾರಿಗೆ ಹತ್ತಿರ. 1969ರಿಂದ ಬಂದದ್ದು, ಮೂರು ಗೇರು. ಶೆವ್ರೊಲೆಯ ಆ ಕಾಲದ ಆರು ಸಿಲಿಂಡರಿಗೂ ವಿ8ಕ್ಕೂ ಹಿಂಬದಿಯ ಬೋಲ್ಟ್ ಜೋಡಣೆ ಒಂದೇ, ಹಾಗಾಗಿ ಮುಖ ಕೂರುತ್ತದೆ. ಸ್ಪ್ಲೈನ್ ಕೂಡ 27. ಆದರೆ ಉದ್ದದಲ್ಲಿ ಎಚ್ಚರ. ಟರ್ಬೊ 350ಕ್ಕೆ 6, 9, 12 ಇಂಚಿನ ಮೂರು ಥರದ ಬಾಲ (ಹಿಂಬದಿಗೆ ಚಾಚಿದ ಕೊಳವೆಯಂಥ ಭಾಗ) ಇವೆ. 'ಅದೂ ಇಂಪಾಲಾ, ಇದೂ ಇಂಪಾಲಾ' ಅನ್ನುವ ನಂಬಿಕೆ ಮೋಸ ಮಾಡುವುದು ಇಲ್ಲೇ. ಟೇಪು ತೆಗೆದುಕೊಂಡು ಹೋಗಿ. ಬೆಲ್ ಹೌಸಿಂಗ್ ಮುಖದಿಂದ ಬಾಲದ ತುದಿಗೆ ಎಷ್ಟು, ಅದೇ ಮುಖದಿಂದ ಮೌಂಟಿಂಗ್ ರಬ್ಬರಿಗೆ ಎಷ್ಟು, ಎರಡನ್ನೂ ನಿಮ್ಮ ಗಾಡಿಯ ಅಳತೆಯ ಜೊತೆ ಹೋಲಿಸಿ. ಬಾಲ ಬೇರೆಯಾದರೆ ಹೊರಗಿನ ಕವರ್ ಬದಲಿಸಿದರೆ ಸಾಲದು, ಒಳಗಿನ ಶಾಫ್ಟೂ ಬದಲಾಗಬೇಕು. ಅದಕ್ಕಿಂತ ಒಳ್ಳೆ ಲೇಥಿನವರ ಹತ್ತಿರ ಪ್ರೊಪೆಲರ್ ಶಾಫ್ಟನ್ನೇ ಅಳತೆಗೆ ಮಾಡಿಸಿ ಬ್ಯಾಲೆನ್ಸ್ ಮಾಡಿಸುವುದು ಮೇಲು.

ಇಂಜಿನ್ನಿನ ಹಿಂದಿರುವ ತೆಳು ಫ್ಲೆಕ್ಸ್ ಪ್ಲೇಟ್ ನಿಮ್ಮದೇ ಇರಲಿ. ಆದರೆ ಅದಕ್ಕೆ ಬಿಗಿಯುವ ಟಾರ್ಕ್ ಕನ್ವರ್ಟರಿನ (ಇಂಜಿನ್ನಿನ ತಿರುಗುವಿಕೆಯನ್ನು ಆಯಿಲ್ ಮೂಲಕ ಗೇರಿಗೆ ದಾಟಿಸುವ ಡಬ್ಬಿ) ಬೋಲ್ಟುಗಳ ವೃತ್ತ 10.75 ಇಂಚಿನದ್ದೂ ಇದೆ, 11.5 ಇಂಚಿನದ್ದೂ ಇದೆ. ನೋಡಿಕೊಳ್ಳಿ.

ಇನ್ನು ಕೂರಿಸುವ ಹೊತ್ತು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಟಾರ್ಕ್ ಕನ್ವರ್ಟರನ್ನು ಮೊದಲು ಗೇರ್‌ಬಾಕ್ಸಿಗೆ ಹಾಕಬೇಕು. ಎರಡೂ ಕೈಯಲ್ಲಿ ಹಿಡಿದು, ಒಳಕ್ಕೆ ಒತ್ತುತ್ತಾ ನಿಧಾನವಾಗಿ ತಿರುಗಿಸಿ. ಟಕ್ ಎಂದು ಒಮ್ಮೆ ಇಳಿಯುತ್ತದೆ. ಕೂತಿತು ಅಂತ ಅಲ್ಲೇ ಬಿಡಬೇಡಿ. ಇನ್ನೂ ತಿರುಗಿಸಿ, ಮತ್ತೆ ಇಳಿಯುತ್ತದೆ. ಕೊನೆಯದು ಪಂಪಿನ ಹಲ್ಲಿಗೆ ಸಿಕ್ಕಿಕೊಳ್ಳುವುದು, ಅದನ್ನು ಕೈಯೇ ಹೇಳುತ್ತದೆ. ಆಮೇಲೆ ಗೇರ್‌ಬಾಕ್ಸನ್ನು ಇಂಜಿನ್ನಿಗೆ ಕೂಡಿಸಿ. ಎರಡೂ ಮುಖ ಬೋಲ್ಟ್ ಬಿಗಿಯದೆಯೇ ಒಂದಕ್ಕೊಂದು ಪೂರ್ತಿ ತಾಗಬೇಕು. ಆಗ ಕನ್ವರ್ಟರಿಗೂ ಫ್ಲೆಕ್ಸ್ ಪ್ಲೇಟಿಗೂ ನಡುವೆ 3ರಿಂದ 5 ಮಿಲಿಮೀಟರ್ ಸಂದು ಇರಬೇಕು, ಕನ್ವರ್ಟರ್ ಕೈಯಲ್ಲಿ ಆರಾಮಾಗಿ ತಿರುಗಬೇಕು. ಸಂದು ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ, ಗೇರ್‌ಬಾಕ್ಸ್ ಇಳಿಸಿ. ಸ್ಪ್ಯಾನರ್ ಹಾಕಿ ಎಳೆದು ಬಿಗಿದರೆ ಪಂಪ್ ಒಡೆಯುತ್ತದೆ. ಕನ್ವರ್ಟರ್ ಬಿಟ್ಟು ಗೇರ್‌ಬಾಕ್ಸೇ 55 ಕೆಜಿ ಹತ್ತಿರ ತೂಗುತ್ತದೆ. ಸರಿಯಾದ ಜಾಕ್ ಇಲ್ಲದೆ ಎದೆಯ ಮೇಲೆ ಹೊತ್ತು ಕೂರಿಸುವ ಸಾಹಸ ಯಾರೂ ಮಾಡಬೇಡಿ.

ರೇಡಿಯೇಟರಿನೊಳಗಿಂದ ಹಾದುಬರುವ ಕೂಲರ್ ಪೈಪುಗಳನ್ನು ತೊಳೆಸಿ. ಹಳೆಯ ಗೇರ್‌ಬಾಕ್ಸಿನ ಕೊಳೆ ಅಲ್ಲಿ ಕೂತಿರುತ್ತದೆ, ಹೊಸದಕ್ಕೆ ನೇರ ಹೋಗುತ್ತದೆ. ಕಿಕ್‌ಡೌನ್‌ಗೆ ಟರ್ಬೊ 350ರಲ್ಲಿ ಕಾರ್ಬ್ಯುರೇಟರಿಂದ ಕೇಬಲ್ ಎಳೆಯಬೇಕು. ನಿಮ್ಮ ಸ್ಟೇರಿಂಗ್ ಕಾಲಂನಲ್ಲಿ ಗೇರಿನ ಜಾಗ ಒಂದು ಕಡಿಮೆ, ಹಾಗಾಗಿ ಅಲ್ಲಿಂದ ಕೆಳಗೆ ಹೋಗುವ ಲಿಂಕೇಜನ್ನೂ (ಜೋಡಣೆಯ ಸಲಾಕೆಗಳು) ಗೇರ್ ತೋರಿಸುವ ಮುಳ್ಳನ್ನೂ ಹೊಂದಿಸಬೇಕು. ಪಾರ್ಕ್ ಮತ್ತು ನ್ಯೂಟ್ರಲ್‌ನಲ್ಲಿ ಬಿಟ್ಟು ಬೇರೆ ಯಾವ ಗೇರಿನಲ್ಲೂ ಸ್ಟಾರ್ಟ್ ಆಗದ ಹಾಗೆ ಸ್ವಿಚ್ ಸರಿ ಮಾಡಿಸದೆ ಗಾಡಿ ಹೊರಗೆ ತೆಗೆಯಬೇಡಿ.

ಇಷ್ಟು ಮಾಡಿದರೆ ಲಾಭ ಏನು ಅಂತ ಕೇಳುತ್ತೀರಿ. ಪವರ್‌ಗ್ಲೈಡಿನ ಮೊದಲ ಗೇರಿನ ಅನುಪಾತ 1.82, ಟರ್ಬೊ 350ರದ್ದು 2.52. ಈ ಅಂಕಿ ಹೆಚ್ಚಾದಷ್ಟೂ ಎಳೆತ ಹೆಚ್ಚು. ಚಾಮುಂಡಿ ಬೆಟ್ಟದ ತಿರುವಿನಲ್ಲಿ ನಿಂತು ಹೊರಟರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಆದರೆ ಟಾಪ್ ಗೇರ್ ಎರಡರಲ್ಲೂ 1.00. ಮೈಸೂರು–ಬೆಂಗಳೂರು ಹೈವೇಯಲ್ಲಿ ಇಂಜಿನ್ ಮೊದಲು ಎಷ್ಟು ಸುತ್ತುತ್ತಿತ್ತೋ ಅಷ್ಟೇ ಸುತ್ತುತ್ತದೆ. ಮೈಲೇಜ್ ಜಾಸ್ತಿಯಾಗುತ್ತದೆ ಎಂಬ ಆಸೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಗೇರ್‌ಬಾಕ್ಸ್ ಬದಲಿಸಿದರೆ ವಿಂಟೇಜ್ ನಂಬರ್ ಸಿಗುವುದಿಲ್ಲ ಅಂತಾರೆ, ನಿಜವೇ ಸರ್?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: 2021ರ ಕೇಂದ್ರದ ನಿಯಮದಲ್ಲಿ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿ ಮೂಲ ರೂಪದಲ್ಲಿರಬೇಕು ಎಂದಿದೆ. ಚಾಸಿ, ಬಾಡಿ, ಇಂಜಿನ್ ಬದಲಾವಣೆಯನ್ನು ಹೆಸರು ಹಿಡಿದು ಹೇಳಿದೆ, ಗೇರ್‌ಬಾಕ್ಸಿನ ಹೆಸರಿಲ್ಲ. ಆದರೂ ಕ್ರಾಸ್ ಮೆಂಬರಿಗೆ ಚಾಸಿ ಕೊರೆದು ವೆಲ್ಡಿಂಗ್ ಮಾಡಿಸಬೇಡಿ, ಬೋಲ್ಟಿನಲ್ಲೇ ಮುಗಿಸಿ. ತೆಗೆದ ಗೇರ್‌ಬಾಕ್ಸನ್ನು ಮಾರಬೇಡಿ. ಇನ್ನೊಂದು ಮಾತು, ವಿಂಟೇಜ್ ಗಾಡಿಗೆ ಕೊಡುವ ಆ ವಿಎ ನಂಬರ್ ಪಡೆದ ಗಾಡಿಯನ್ನು ದಿನಾ ಆಫೀಸಿಗೆ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ, ಇಂಥದ್ದಕ್ಕೆ ಮಾತ್ರ.

ಪ್ರಶ್ನೆ: ನಮ್ಮ ಹಳೆ ಡಾಡ್ಜ್ ಆಟೋಮ್ಯಾಟಿಕ್ ಶ್ರೀರಂಗಪಟ್ಟಣದಲ್ಲಿ ನಿಂತುಹೋಗಿದೆ. ನ್ಯೂಟ್ರಲ್‌ಗೆ ಹಾಕಿ ಹಗ್ಗ ಕಟ್ಟಿ ಮೈಸೂರಿಗೆ ಎಳೆದು ತರಬಹುದಾ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಬೇಡ. ಗೇರ್‌ಬಾಕ್ಸಿನ ಆಯಿಲ್ ಪಂಪನ್ನು ತಿರುಗಿಸುವುದು ಇಂಜಿನ್. ಇಂಜಿನ್ ನಿಂತಿದ್ದು ಹಿಂದಿನ ಚಕ್ರ ಮಾತ್ರ ತಿರುಗಿದರೆ ಒಳಗಿನ ಭಾಗಗಳು ಆಯಿಲ್ ಇಲ್ಲದೆ ಉಜ್ಜಿಕೊಳ್ಳುತ್ತವೆ. ಲಾರಿ ಮೇಲೆ ಹಾಕಿಸಿ ತನ್ನಿ. ಅದು ಆಗದಿದ್ದರೆ ಪ್ರೊಪೆಲರ್ ಶಾಫ್ಟನ್ನು ಹಿಂದಿನ ಆಕ್ಸಲ್ ಕಡೆ ಬಿಚ್ಚಿ, ಬೈಂಡಿಂಗ್ ವೈರಿನಲ್ಲಿ ಮೇಲಕ್ಕೆ ಬಿಗಿಯಾಗಿ ಕಟ್ಟಿ ಎಳೆಯಿರಿ. ಮುಂದಿನ ತುದಿಯನ್ನು ಗೇರ್‌ಬಾಕ್ಸಿನಿಂದ ಹೊರಕ್ಕೆ ಎಳೆಯಬೇಡಿ, ಇರುವ ಆಯಿಲೆಲ್ಲ ಆ ಬಾಯಿಂದ ಸುರಿದುಹೋಗುತ್ತದೆ. ಬಿಚ್ಚಿದ ಕ್ರಾಸ್ ಬೇರಿಂಗಿನ ಕಪ್‌ಗಳಿಗೆ ಟೇಪ್ ಸುತ್ತಿ, ದಾರಿಯಲ್ಲಿ ಉದುರಿದರೆ ಅಳತೆಗೆ ಸರಿಯಾದದ್ದು ಹುಡುಕುವುದು ಕಷ್ಟ.